ಹೊಲದಲ್ಲಿ ಬಸಿ ಪೈಪು ಹೂಳುವ ಮುನ್ನ: ನೀರು ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗಬೇಕು?

ಕೆಳಹೊಲ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಹೆಕ್ಟೇರಿನ ಒಂದೇ ತುಂಡು ಹೊಲ. ಮೇಲಿನ ಬದುವಿನಿಂದ ಕೆಳಗಿನ ಹಳ್ಳದವರೆಗೆ ಒಟ್ಟು ಮೂರು ಮೀಟರಿನಷ್ಟು ಇಳಿಜಾರಿದೆ. ಆದರೆ ಅದರ ಬಹುಪಾಲು ಮೇಲ್ಭಾಗದಲ್ಲೇ ಮುಗಿದುಹೋಗಿ, ಹಳ್ಳದ ಪಕ್ಕದ ಒಂದೂವರೆ ಹೆಕ್ಟೇರು ಹೆಚ್ಚುಕಡಿಮೆ ಸಮತಟ್ಟಾಗಿದೆ. ಮಳೆ ನಿಂತು ಎಂಟು ಹತ್ತು ದಿನಗಳಾದರೂ ಹೊಲದ ಮೂರು ಕಡೆ ಕಾಲಿಟ್ಟರೆ ಹೂತುಹೋಗುತ್ತದೆ. ಟ್ರ್ಯಾಕ್ಟರು ಇಳಿಸುವ ಮಾತೇ ಇಲ್ಲ. ಬೆಳೆ ಮೊಣಕಾಲೆತ್ತರ ಬರುವವರೆಗೆ ಚೆನ್ನಾಗಿಯೇ ಇದ್ದು, ಆಮೇಲೆ ಹಳದಿಗೆ ತಿರುಗಿ ನಿಂತುಬಿಡುತ್ತದೆ. ಕಿತ್ತು ನೋಡಿದರೆ ಬೇರು ಒಂದು ಗೇಣಿನ ಆಳಕ್ಕೆ ಇಳಿದು ಅಲ್ಲಿಂದ ಅಡ್ಡಕ್ಕೆ ತಿರುಗಿರುತ್ತದೆ.

ಈ ಬೇಸಿಗೆಯಲ್ಲಿ ನಿಂತ ನೀರು ಬಸಿದುಹೋಗಲೆಂದು ಇಡೀ ಹೊಲಕ್ಕೆ 100 ಮಿಲಿಮೀಟರು ವ್ಯಾಸದ, ರಂಧ್ರಗಳಿರುವ ಸುರುಳಿ ಪೈಪನ್ನು, 20 ಮೀಟರಿಗೊಂದು ಸಾಲಿನಂತೆ, ಒಂದು ಮೀಟರು ಆಳದಲ್ಲಿ ಹೂಳಬೇಕೆಂದುಕೊಂಡಿದ್ದೇನೆ. ಲೆಕ್ಕ ಹಾಕಿದರೆ ಎರಡು ಸಾವಿರ ಮೀಟರು ಪೈಪು ಬೇಕು. ಈ ಅಂತರ ಸರಿಯೇ? ಪೈಪಿಗೆ ಬಟ್ಟೆಯ ಹೊದಿಕೆ ಬೇಕೇ? ಸಾಮಾನ್ಯ ಅಗೆಯುವ ಯಂತ್ರದಲ್ಲೇ ಕಾಲುವೆ ತೋಡಿಸಬಹುದೇ? ಇನ್ನೊಂದು ಅಳುಕೂ ಇದೆ: ಮಳೆ ಕೈಕೊಟ್ಟ ವರ್ಷ ಈ ಪೈಪುಗಳು ಬೆಳೆಗೆ ಬೇಕಾದ ತೇವವನ್ನೂ ಹೊರಗೆ ಹರಿಸಿಬಿಡುವುದಿಲ್ಲವೇ?

ಮಟ್ಟಗೋಲು

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪೈಪು ಹೇಗೆ ಕೆಲಸ ಮಾಡುತ್ತದೆ ಎಂಬುದು ಮನಸ್ಸಿಗೆ ಬಂದರೆ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿದಂತೆಯೇ. ಬಸಿ ಪೈಪು ನೀರನ್ನು ಹೀರುವುದಿಲ್ಲ. ಮಣ್ಣಿನ ಸಣ್ಣ ಸಂದುಗಳಲ್ಲಿ, ಕಣಗಳಿಗೆ ಅಂಟಿಕೊಂಡು ನಿಂತ ನೀರು ತಾನಾಗಿ ಪೈಪಿನ ರಂಧ್ರದೊಳಕ್ಕೆ ಬರಲಾರದು, ಮತ್ತು ಬೆಳೆ ದಿನವೂ ಕುಡಿಯುವುದು ಆ ನೀರನ್ನೇ. ಪೈಪಿನ ಸುತ್ತಲ ಮಣ್ಣು ಪೂರ್ತಿ ನೆನೆದು, ಗಾಳಿ ಇರಬೇಕಾದ ದೊಡ್ಡ ಸಂದುಗಳೂ ನೀರಿನಿಂದ ತುಂಬಿದಾಗ ಮಾತ್ರ ಪೈಪು ಹರಿಯಲು ಆರಂಭಿಸುತ್ತದೆ. ಮೇಲಿನಿಂದ ಇಂಗಿದ ನೀರು ನೇರವಾಗಿ ಪೈಪಿಗೆ ಸುರಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ, ಅಂತರ್ಜಲ ಮಟ್ಟ ಕೆಳಗಿನಿಂದ ಏರಿ ಪೈಪನ್ನು ಮುಟ್ಟಿದಾಗ, ನೀರು ಹೆಚ್ಚಾಗಿ ತಳದ ಮತ್ತು ಪಕ್ಕದ ರಂಧ್ರಗಳಿಂದ ಒಳಗೆ ಬರುತ್ತದೆ. ಹಾಗಾಗಿ ಪೈಪು ತೆಗೆಯುವುದು ಬೇರಿನ ಉಸಿರು ಕಟ್ಟಿಸುವ ಹೆಚ್ಚುವರಿ ನೀರನ್ನು. ಬೆಳೆಯ ಎಳೆ ವಯಸ್ಸಿನಲ್ಲಿ ನೀರಿನ ಮಟ್ಟ ಕೆಳಗಿದ್ದರೆ ಬೇರು ಆಳಕ್ಕೆ ಇಳಿಯುತ್ತದೆ, ಆಳಕ್ಕಿಳಿದ ಬೇರು ಮುಂದೆ ಬರುವ ಬಿಸಿಲನ್ನು ಹೆಚ್ಚು ದಿನ ತಡೆಯುತ್ತದೆ. ತೀರಾ ಮರಳು ನೆಲದಲ್ಲಿ ಅಗತ್ಯಕ್ಕಿಂತ ಆಳವಾಗಿ ಹೂಳಿದರೆ ನಿಮ್ಮ ಅಳುಕಿಗೆ ಅರ್ಥವಿದೆ, ಆದರೆ ನಿಮ್ಮ ವಿವರಣೆ ಮರಳು ನೆಲದ್ದಲ್ಲ.

ಉಳಿದ ಪ್ರಶ್ನೆಗಳಿಗೆ ಈಗಲೇ ಉತ್ತರಿಸಲಾರೆ. ನೀವು ಪೈಪಿನ ಅಳತೆ ಹೇಳಿದ್ದೀರಿ, ಆದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹೇಳಿಲ್ಲ. ಒಂದೇ ಹೊಲದ ಮೂರು ಜೌಗುಗಳಿಗೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಒಂದು ಗೇಣಿನ ಆಳದಲ್ಲಿ ಬೇರು ಅಡ್ಡಕ್ಕೆ ತಿರುಗಿದೆ ಎಂಬ ನಿಮ್ಮ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ದಯವಿಟ್ಟು ಮೂರು ಜೌಗು ಜಾಗಗಳಲ್ಲಿ ಒಂದೊಂದು, ಚೆನ್ನಾಗಿ ಬೆಳೆಯುವ ಜಾಗದಲ್ಲಿ ಒಂದು, ಹೀಗೆ ನಾಲ್ಕು ಗುಂಡಿಗಳನ್ನು ಒಂದೂವರೆ ಮೀಟರು ಆಳಕ್ಕೆ ತೋಡಿಸಿ. ನೆನೆದ ಮಣ್ಣಿನ ಗೋಡೆ ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯುತ್ತದೆ. ಆದ್ದರಿಂದ ಯಾರೂ ಒಳಗೆ ಇಳಿಯದೆ ದಂಡೆಯಿಂದಲೇ ನೋಡಿ, ಮತ್ತು ರಾತ್ರಿ ಗುಂಡಿಯ ಮೇಲೆ ಹಲಗೆ ಮುಚ್ಚಿರಿ. ನೀರು ಯಾವ ಆಳದಲ್ಲಿ, ಯಾವ ಗೋಡೆಯಿಂದ ಜಿನುಗುತ್ತದೆ ಎಂದು ಬರೆದುಕೊಳ್ಳಿ. ಮಣ್ಣಿನ ಬಣ್ಣ ಎಲ್ಲಿ ಬದಲಾಗುತ್ತದೆ ಎಂಬುದನ್ನೂ ಗಮನಿಸಿ. ಬೂದು ಬಣ್ಣವಿದ್ದಲ್ಲಿ ನೀರು ದೀರ್ಘಕಾಲ ನಿಂತು ಗಾಳಿ ಆಡಿಲ್ಲವೆಂದೂ, ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆಗಳಿದ್ದಲ್ಲಿ ನೀರಿನ ಮಟ್ಟ ಏರಿಳಿಯುತ್ತಿದೆಯೆಂದೂ ಸಾಮಾನ್ಯವಾಗಿ ತಿಳಿಯಬಹುದು. ಹಳ್ಳದ ತಳ ಹೊಲಕ್ಕಿಂತ ಎಷ್ಟು ಕೆಳಗಿದೆ, ಮಳೆಗಾಲದ ಸಾಮಾನ್ಯ ದಿನಗಳಲ್ಲಿ ಅದರಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂಬ ಎರಡು ಅಳತೆಗಳೂ ಬೇಕು. ಪೈಪಿನ ಬಾಯಿಗೆ ಜಾಗವಿಲ್ಲದಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಹೊಳೆದಂಡೆ

ಮಟ್ಟಗೋಲು ಅವರ ಅನುಭವದ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನು ಹನ್ನೊಂದು ವರ್ಷಗಳ ಹಿಂದೆ ಇಂತಹ ಯಾವ ಪರೀಕ್ಷೆಯನ್ನೂ ಮಾಡದೆ, ಅಕ್ಕಪಕ್ಕದವರು ಹಾಕಿದ್ದನ್ನು ನೋಡಿಯೇ 20 ಮೀಟರಿಗೊಂದು ಸಾಲು ಹೂಳಿಸಿದೆ. ಇಂದಿಗೂ ಮಳೆ ನಿಂತ ಮೂರನೆಯ ದಿನ ಹೊಲಕ್ಕೆ ಇಳಿಯುತ್ತೇನೆ. ಗುಂಡಿ, ಅಳತೆ, ಲೆಕ್ಕ ಎಂದು ಮುಂದೂಡುತ್ತಾ ಹೋದರೆ ಬೇಸಿಗೆ ಕಳೆದುಹೋಗುತ್ತದೆ, ಇನ್ನೊಂದು ಬೆಳೆಯೂ ಕೊಳೆಯುತ್ತದೆ. ಮಾಡುವವನಿಗೆ ಧೈರ್ಯ ತುಂಬುವುದೂ ಮುಖ್ಯವೆಂದು ನನ್ನ ಭಾವನೆ.

ಅಂದಾಜುಪಟ್ಟಿ

ಹೊಳೆದಂಡೆಯವರೇ, ನಿಮ್ಮ ಹೊಲದಲ್ಲಿ 20 ಮೀಟರು ಸರಿಹೋದದ್ದು ನಿಮ್ಮ ಮಣ್ಣಿನಿಂದ. ಅದೇ ಅಂತರ ಇನ್ನೊಂದು ಮಣ್ಣಿನಲ್ಲಿ ಏಕೆ ಸೋಲುತ್ತದೆ ಎಂಬುದನ್ನು ಅಂಕಿಗಳಲ್ಲಿ ತೋರಿಸಲು ಅವಕಾಶ ಕೊಡಿ.

ಮಣ್ಣಿನೊಳಗೆ ನೀರು ಎಷ್ಟು ವೇಗವಾಗಿ ಸಾಗುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದರು. ಅದರ ಮೇಲೆ ಕಟ್ಟಿದ ಒಂದು ಸೂತ್ರವನ್ನು ನೆದರ್ಲೆಂಡ್ಸಿನ ಹೂಗ್‌ಹೌಟ್ 1940ರಲ್ಲಿ ಕೊಟ್ಟರು; ಸಾಲುಗಳ ಅಂತರ ನಿರ್ಧರಿಸಲು ಇಂದಿಗೂ ಅದನ್ನೇ ಬಳಸುತ್ತೇವೆ. ಅದರಲ್ಲಿ ಬರುವುದು ನಾಲ್ಕೇ ಸಂಗತಿಗಳು: ಮಣ್ಣಿನ ನೀರು ಸಾಗಿಸುವ ಶಕ್ತಿ, ಪೈಪಿನ ಕೆಳಗೆ ನೀರು ಹರಿಯಬಲ್ಲ ಪದರದ ಪರಿಣಾಮಕಾರಿ ದಪ್ಪ, ಎರಡು ಸಾಲುಗಳ ನಡುಮಧ್ಯದಲ್ಲಿ ನೀರಿನ ಮಟ್ಟ ಪೈಪಿಗಿಂತ ಎಷ್ಟು ಮೇಲಿರಬಹುದು ಎಂಬ ಎತ್ತರ, ಮತ್ತು ದಿನಕ್ಕೆ ಎಷ್ಟು ಮಿಲಿಮೀಟರು ನೀರನ್ನು ಹೊರಹಾಕಬೇಕು ಎಂಬ ಗುರಿ. ಮಣ್ಣಿನ ಶಕ್ತಿ ದಿನಕ್ಕೆ ಅರ್ಧ ಮೀಟರು, ಪದರದ ದಪ್ಪ ಒಂದು ಮೀಟರು, ನಡುವಿನ ಎತ್ತರ ಅರ್ಧ ಮೀಟರು, ಗುರಿ ದಿನಕ್ಕೆ 10 ಮಿಲಿಮೀಟರು ಎಂದಿಟ್ಟುಕೊಂಡರೆ ಅಂತರ ಸುಮಾರು 16 ಮೀಟರು ಬರುತ್ತದೆ. ಮಣ್ಣಿನ ಶಕ್ತಿ ಮಾತ್ರ ನಾಲ್ಕನೆಯ ಒಂದು ಭಾಗಕ್ಕೆ ಇಳಿದರೆ ಅಂತರ ಅರ್ಧಕ್ಕೆ, ಅಂದರೆ 8 ಮೀಟರಿಗೆ ಇಳಿಯುತ್ತದೆ. ಅಂಟು ಜೇಡಿಯಲ್ಲಿ 20 ಮೀಟರಿಗೊಂದು ಸಾಲು ಹಾಕಿದವರ ಹೊಲದಲ್ಲಿ ಪೈಪಿನ ನೆತ್ತಿಯ ಮೇಲೆ ಮಾತ್ರ ಹಸಿರು ಪಟ್ಟಿ ಎದ್ದು, ನಡುವೆಲ್ಲ ಹಳದಿ ಉಳಿಯುವುದು ಇದರಿಂದಲೇ.

ಮಣ್ಣಿನ ಈ ಶಕ್ತಿಯನ್ನು ಹೊಲದಲ್ಲೇ ಅಳೆಯಬಹುದು. ಎಂಟು ಹತ್ತು ಸೆಂಟಿಮೀಟರು ಅಗಲದ ಕೈಬೈರಿಗೆಯಿಂದ ನೀರಿನ ಮಟ್ಟಕ್ಕಿಂತ ಆಳಕ್ಕೆ ರಂಧ್ರ ಕೊರೆದು, ನೀರು ತನ್ನ ಮಟ್ಟಕ್ಕೆ ಬಂದು ನಿಂತ ಮೇಲೆ ಅದನ್ನು ಮೊಗೆದು ಹೊರಹಾಕಿ, ಮತ್ತೆ ಏರುವ ವೇಗವನ್ನು ಗಡಿಯಾರ ಹಿಡಿದು ಬರೆದುಕೊಂಡರಾಯಿತು. ನಾಲ್ಕೈದು ಕಡೆ ಮಾಡಿದರೂ ಒಂದು ದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಬೇಸಿಗೆ ಕಳೆದುಹೋಗುವಷ್ಟು ದೊಡ್ಡ ಕೆಲಸ ಇದಲ್ಲ. ಆದರೆ ನೀರಿನ ಮಟ್ಟ ಮೇಲಿರುವಾಗಲೇ ಮಾಡಬೇಕು. ಒಣಗಿದ ಮೇಲೆ ಈ ಪರೀಕ್ಷೆ ಆಗದು.

ಹೊಳೆದಂಡೆ

ಒಪ್ಪಿದೆ. ನಮ್ಮದು ಹೊಳೆಯ ಮೆಕ್ಕಲು, ನೀರು ಬೇಗ ಬಿಡುವ ಮಣ್ಣು. ಅದೃಷ್ಟವನ್ನೇ ನಿಯಮವೆಂದು ಹೇಳಿಬಿಟ್ಟೆ ಎನ್ನಿಸುತ್ತಿದೆ. ಹೊದಿಕೆಯ ವಿಷಯದಲ್ಲಾದರೂ ನನ್ನ ಅನುಭವ ಉಪಯೋಗಕ್ಕೆ ಬರಬಹುದು. ಹೊಲದ ಒಂದು ಮೂಲೆಯಲ್ಲಿ ಹಿಟ್ಟಿನಂತಹ ನುಣ್ಣನೆಯ ಮರಳಿದೆ. ಅಲ್ಲಿ ಹೊದಿಕೆಯಿಲ್ಲದೆ ಹಾಕಿದ ಎರಡು ಸಾಲುಗಳು ಮೂರನೆಯ ವರ್ಷವೇ ಕಟ್ಟಿಕೊಂಡವು. ಅಗೆದು ಪೈಪನ್ನು ಸೀಳಿದಾಗ ಒಳಗೆ ಮರಳು ಅಚ್ಚು ಹೊಯ್ದ ಹಾಗೆ ಪೈಪಿನ ಸುರುಳಿಗಳ ಗುರುತು ಸಮೇತ ನಿಂತಿತ್ತು. ಉಳಿದ ಹೊಲದಲ್ಲಿ ಹೊದಿಕೆಯಿಲ್ಲದ ಸಾಲುಗಳು ಇಂದಿಗೂ ಚೊಕ್ಕಟವಾಗಿವೆ.

ಅಂದಾಜುಪಟ್ಟಿ

ಬಹಳ ಸರಿಯಾದ ಗಮನಿಕೆ. ಜೇಡಿಯ ಅಂಶ ಸಾಕಷ್ಟಿದ್ದು, ಸೋಡಿಯಂ ದೋಷವಿಲ್ಲದ ಮಣ್ಣು ತನ್ನ ಅಂಟಿನಿಂದಲೇ ನಿಲ್ಲುತ್ತದೆ, ಅಲ್ಲಿ ಸೋಸುವ ಹೊದಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಂಟಿಲ್ಲದ ನುಣ್ಣನೆಯ ಮರಳು ಮತ್ತು ಒಂಡಿನಂತಹ ಮಣ್ಣು ನೀರಿನೊಂದಿಗೆ ಹರಿದು ಬರುತ್ತದೆ, ಅಲ್ಲಿ ಹೊದಿಕೆ ಬೇಕೇ ಬೇಕು. ಹೊದಿಕೆಯೆಂದರೆ ಬಟ್ಟೆಯೊಂದೇ ಅಲ್ಲ; ಸರಿಯಾಗಿ ಜರಡಿ ಹಿಡಿದ ಜಲ್ಲಿ, ತೆಂಗಿನ ನಾರು, ಪಾಲಿಪ್ರೊಪಿಲೀನ್ ಎಳೆಗಳ ದಪ್ಪ ಸುತ್ತು ಇವೆಲ್ಲವೂ ಬಳಕೆಯಲ್ಲಿವೆ. ತೆಳುವಾದ, ತೀರಾ ಬಿಗಿ ನೇಯ್ಗೆಯ ಬಟ್ಟೆಯನ್ನು ಮಾತ್ರ ಕಣ್ಣುಮುಚ್ಚಿ ಸುತ್ತಬೇಡಿ. ಅದು ಮರಳನ್ನು ತಡೆಯುವ ಬದಲು ನೀರನ್ನೇ ತಡೆದು ನಿಲ್ಲಿಸಬಹುದು. ಹಳ್ಳದ ದಂಡೆಯ ಒರತೆಗಳಲ್ಲಿ ಕಿತ್ತಳೆ ಬಣ್ಣದ ಲೋಳೆ ಕಾಣುತ್ತಿದೆಯೇ ಎಂದು ಕೆಳಹೊಲದವರು ನೋಡಬೇಕು. ಅದು ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ತಗುಲಿದಲ್ಲಿ ಬ್ಯಾಕ್ಟೀರಿಯಾಗಳ ಜೊತೆಗೂಡಿ ಕಟ್ಟುವ ಲೋಳೆ. ಅಂತಹ ಕಡೆ ಬಟ್ಟೆಯ ಹೊದಿಕೆ ಬೇಗ ಮುಚ್ಚಿಹೋಗುತ್ತದೆ, ಪೈಪನ್ನು ಆಗಾಗ ನೀರಿನ ಒತ್ತಡದಿಂದ ತೊಳೆಯಲು ಮೊದಲೇ ದಾರಿ ಇಟ್ಟುಕೊಳ್ಳಬೇಕಾಗುತ್ತದೆ.

ಸವಳುನೆಲ

ಮಳೆಯ ನೀರಿನ ಜೌಗಿನ ಬಗ್ಗೆ ಇಷ್ಟು ಒಳ್ಳೆಯ ಚರ್ಚೆ ನಡೆಯುತ್ತಿರುವಾಗ, ಕಾಲುವೆ ನೀರಾವರಿಯಿಂದ ಸವಳಾದ ನೆಲದವರೂ ಇದನ್ನು ಓದಿ ಇದೇ ಅಳತೆಗಳನ್ನು ಹಿಡಿದುಕೊಂಡಾರು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಪೈಪಿನ ಕೆಲಸ ನೀರನ್ನು ಇಳಿಸುವುದಷ್ಟೇ ಅಲ್ಲ, ಉಪ್ಪನ್ನು ಹೊರಗೆ ಸಾಗಿಸುವುದು. ಬಿಸಿಲಿನ ನಾಡಿನಲ್ಲಿ ಅಂತರ್ಜಲ ಒಂದು ಮೀಟರಿನೊಳಗೆ ನಿಂತರೆ ಮಣ್ಣಿನ ಸಂದುಗಳಲ್ಲಿ ಮೇಲಕ್ಕೇರಿ, ಆವಿಯಾಗಿ, ಉಪ್ಪನ್ನು ನೆಲದ ಮೇಲೆಯೇ ಬಿಟ್ಟುಹೋಗುತ್ತದೆ. ಆದ್ದರಿಂದ ಪೈಪು ಒಂದೂವರೆಯಿಂದ ಎರಡು ಮೀಟರಿನಷ್ಟು ಆಳಕ್ಕೆ ಹೋಗಬೇಕಾಗುತ್ತದೆ. ಆದರೆ ದಿನಕ್ಕೆ ಹೊರಹಾಕಬೇಕಾದ ನೀರು ಒಂದರಿಂದ ಮೂರು ಮಿಲಿಮೀಟರು ಮಾತ್ರ; ಹಾಗಾಗಿ ಅಂತರ ಹೆಚ್ಚಿಸಬಹುದು. ಅಂದಾಜುಪಟ್ಟಿಯವರ ಅದೇ ಲೆಕ್ಕದಲ್ಲಿ 10ರ ಬದಲು 2 ಮಿಲಿಮೀಟರು ಎಂದರೆ 16 ಮೀಟರಿನ ಜಾಗದಲ್ಲಿ 35 ಮೀಟರು ಬರುತ್ತದೆ. ಪೈಪು ಹೂಳಿದ ಮೇಲೆ ಮೇಲಿನಿಂದ ಒಳ್ಳೆಯ ನೀರು ಕಟ್ಟಿ ಉಪ್ಪನ್ನು ತೊಳೆಯದಿದ್ದರೆ, ಪೈಪು ಇದ್ದೂ ಇಲ್ಲದಂತೆ.

ಚೌಳು ನೆಲ, ಅಂದರೆ ಸೋಡಿಯಂ ಹೆಚ್ಚಾಗಿ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಸಂದುಗಳೇ ಮುಚ್ಚಿಹೋದ ನೆಲ, ಇನ್ನೂ ಬೇರೆ ಸಂಗತಿ. ಅಲ್ಲಿ ನೀರು ಪೈಪಿನವರೆಗೆ ಬರುವುದೇ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅಗತ್ಯವಿದ್ದಷ್ಟು ಜಿಪ್ಸಂ ಕೊಟ್ಟು, ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಬಂದ ಮೇಲೆಯೇ ಬಸಿಗಾಲುವೆಗೆ ಕೆಲಸ ಸಿಗುತ್ತದೆ. ನಮ್ಮ ಮನೆಯವರು ಪರೀಕ್ಷೆಯಿಲ್ಲದೆ ಮೊದಲು ಪೈಪು ಹಾಕಿ ನಾಲ್ಕು ವರ್ಷ ಒಣ ಬಾಯಿಯ ಪೈಪನ್ನು ನೋಡುತ್ತ ಕುಳಿತರು. ಇನ್ನೊಬ್ಬರಿಗೆ ಹಾಗಾಗುವುದು ಬೇಡ.

ಕೆಳಹೊಲ

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಎರಡು ದೊಡ್ಡ ಮಳೆಗಳ ನಂತರ ನಾಲ್ಕೂ ಗುಂಡಿಗಳನ್ನು ತೋಡಿಸಿದೆ. ನೋಡಿದ್ದನ್ನು ನೋಡಿದಂತೆಯೇ ಬರೆಯುತ್ತೇನೆ.

ಮೇಲಿನ ಜೌಗು, ಇಳಿಜಾರು ಮುಗಿಯುವ ಜಾಗದಲ್ಲಿರುವುದು. ಅಲ್ಲಿ 70 ಸೆಂಟಿಮೀಟರಿನವರೆಗೆ ಕೆಂಪು ಮಿಶ್ರಿತ ಸಡಿಲ ಮಣ್ಣು, ಅದರ ಕೆಳಗೆ ಬೆಣ್ಣೆಯ ಹಾಗೆ ಕತ್ತರಿಸಬಹುದಾದ ಬೂದು ಜೇಡಿ. ಆ ಎರಡರ ಸಂಧಿಯಿಂದ, ಮೇಲಿನ ಬದುವಿನ ಕಡೆಯ ಗೋಡೆಯಿಂದ ಮಾತ್ರ, ನೀರು ದಾರದಂತೆ ಇಳಿಯುತ್ತಿತ್ತು. ಎದುರಿನ ಗೋಡೆ ಬರೀ ತೇವವಾಗಿತ್ತು. ಬೆಳಗಾಗುವಷ್ಟರಲ್ಲಿ ಗುಂಡಿಯಲ್ಲಿ ಮೊಣಕಾಲುದ್ದ ನೀರು.

ನಡುವಿನ ಜೌಗಿನಲ್ಲಿ ನನಗೆ ಆಶ್ಚರ್ಯ ಕಾದಿತ್ತು. ನೆಲದ ಮೇಲೆ ನೀರು ನಿಂತಿದೆ, ಆದರೆ ಗುಂಡಿಯ ತಳ ಒಣಗಿದೆ. 22ರಿಂದ 30 ಸೆಂಟಿಮೀಟರಿನ ನಡುವೆ ಒಂದು ಗಟ್ಟಿ ಪದರ. ಚಾಕು ಚುಚ್ಚಿದರೆ ಅಲ್ಲಿ ನಿಲ್ಲುತ್ತದೆ, ಅದನ್ನು ದಾಟಿದ ಮೇಲೆ ಸಲೀಸಾಗಿ ಇಳಿಯುತ್ತದೆ. ಬೇರುಗಳು ಅಡ್ಡಕ್ಕೆ ತಿರುಗಿದ್ದು ಈ ಪದರದ ಮೇಲೆಯೇ. ಚೆನ್ನಾಗಿ ಬೆಳೆಯುವ ಜಾಗದ ಗುಂಡಿಯಲ್ಲಿ ಆ ಪದರವಿಲ್ಲ.

ಹಳ್ಳದ ಪಕ್ಕದ ಸಮತಟ್ಟಿನಲ್ಲಿ ನಾಲ್ಕೂ ಗೋಡೆಗಳಿಂದ, ತಳದಿಂದಲೂ ನೀರು ಬಂದು, 15 ಸೆಂಟಿಮೀಟರು ಆಳದವರೆಗೆ ಏರಿ ನಿಂತಿತು. ಬೈರಿಗೆ ಪರೀಕ್ಷೆಯಲ್ಲಿ ಮಣ್ಣಿನ ಶಕ್ತಿ ದಿನಕ್ಕೆ ಅರ್ಧ ಮೀಟರಿನ ಆಸುಪಾಸು ಬಂದಿದೆ. ಮಣ್ಣು ಬೆರಳಲ್ಲಿ ಉಜ್ಜಿದರೆ ಅಂಟುತ್ತದೆ, ದಾರದಂತೆ ಹೊಸೆಯಬಹುದು. ಕಿತ್ತಳೆ ಲೋಳೆ ಎಲ್ಲಿಯೂ ಕಾಣಲಿಲ್ಲ. ಹಳ್ಳದ ತಳ ಹೊಲಕ್ಕಿಂತ ಒಂದೂವರೆ ಮೀಟರು ಕೆಳಗಿದೆ, ಅದರಲ್ಲಿ ಸಾಮಾನ್ಯವಾಗಿ 25 ಸೆಂಟಿಮೀಟರು ನೀರು ಹರಿಯುತ್ತದೆ. ಸಮತಟ್ಟು ಹಳ್ಳದುದ್ದಕ್ಕೆ 150 ಮೀಟರು, ಒಳಮುಖವಾಗಿ 100 ಮೀಟರು ಇದ್ದು, ಆ 100 ಮೀಟರಿನಲ್ಲಿ ನೆಲ 20 ಸೆಂಟಿಮೀಟರು ಏರುತ್ತದೆ.

ಮಟ್ಟಗೋಲು

ನೀವು ಇಷ್ಟು ಶ್ರದ್ಧೆಯಿಂದ ನೋಡಿ ಬರೆದದ್ದಕ್ಕೆ ಮನಸ್ಸು ತುಂಬಿತು. ನಿಮ್ಮ ಹೊಲದಲ್ಲಿ ಮೂರು ಬೇರೆ ಬೇರೆ ರೋಗಗಳಿವೆ.

ನಡುವಿನ ಜಾಗಕ್ಕೆ ಪೈಪೇ ಬೇಡ. ಅಲ್ಲಿರುವುದು ಉಳುಮೆ ಮತ್ತು ಗಾಲಿಗಳ ಭಾರದಿಂದ ಕಟ್ಟಿಕೊಂಡ ಗಟ್ಟಿ ಪದರ. ಅದರ ಮೇಲೆ ನೀರು ತೂಗಿ ನಿಂತಿದೆ, ಕೆಳಗಿನ ಮಣ್ಣಿಗೆ ಜಾಗವಿದ್ದರೂ ಇಳಿಯಲು ದಾರಿಯಿಲ್ಲ. ಒಂದು ಮೀಟರು ಆಳದಲ್ಲಿ ಎಷ್ಟು ಪೈಪು ಹೂಳಿದರೂ ಆ ನೀರು ಅಲ್ಲಿಗೆ ತಲುಪುವುದಿಲ್ಲ. ನೆಲ ಚೆನ್ನಾಗಿ ಒಣಗಿದಾಗ ಆಳ ಸೀಳುವ ನೇಗಿಲನ್ನು ಪದರಕ್ಕಿಂತ ಐದಾರು ಸೆಂಟಿಮೀಟರು ಕೆಳಗೆ ಓಡಿಸಿ. ಹಸಿಯಲ್ಲಿ ಓಡಿಸಿದರೆ ಪದರ ಒಡೆಯುವ ಬದಲು ಸವರಿಕೊಂಡು ಇನ್ನೂ ಬಿಗಿಯುತ್ತದೆ. ಮುಂದೆ ಹಸಿ ನೆಲಕ್ಕೆ ಭಾರದ ಯಂತ್ರ ಇಳಿಸಿದರೆ ಅದು ಮರಳಿ ಕಟ್ಟಿಕೊಳ್ಳುತ್ತದೆ ಎಂಬುದನ್ನೂ ಮರೆಯಬೇಡಿ.

ಮೇಲಿನ ಜೌಗು ಒರತೆಯದ್ದು. ಬದುವಿನ ಆಚೆಯಿಂದ ಇಂಗಿದ ನೀರು ಜೇಡಿಯ ಮೇಲೆ ಜಾರಿಕೊಂಡು ಬಂದು, ಇಳಿಜಾರು ತಗ್ಗಿದಲ್ಲಿ ತಲೆಯೆತ್ತುತ್ತಿದೆ. ಅದಕ್ಕೆ ಸಾಲು ಸಾಲು ಪೈಪು ಬೇಕಿಲ್ಲ, ಬರುವ ದಾರಿಗೆ ಅಡ್ಡಲಾಗಿ ಒಂದೇ ತಡೆ ಪೈಪು ಸಾಕು. ಅದು ಜೌಗಿನ ಮಧ್ಯದಲ್ಲಿ ಇರಬಾರದು. ಜೌಗಿನ ಮೇಲಂಚಿಗಿಂತ ತುಸು ಮೇಲೆ, ಪೈಪಿನ ತಳ ಜೇಡಿಯೊಳಕ್ಕೆ ಕೂರುವಂತೆ ಇರಬೇಕು. ಸಂಧಿಗಿಂತ ಮೇಲೆ ನಿಂತರೆ ನೀರು ಪೈಪಿನ ಅಡಿಯಿಂದ ನುಸುಳಿಹೋಗುತ್ತದೆ. ಕಾಲುವೆಯಲ್ಲಿ ಆ ಸಂಧಿಯ ಎತ್ತರದವರೆಗೂ ಜಲ್ಲಿ ತುಂಬಿಸಿ. ಇಂಗ್ಲೆಂಡಿನ ಜೋಸೆಫ್ ಎಲ್ಕಿಂಗ್ಟನ್ 18ನೆಯ ಶತಮಾನದಲ್ಲಿ ಹೆಸರು ಮಾಡಿದ್ದು ಈ ಬಗೆಯ ಕೆಲಸದಿಂದಲೇ: ಜೌಗನ್ನು ಬತ್ತಿಸಲು ಹೋಗದೆ, ಅದನ್ನು ತುಂಬುವ ಒರತೆಯನ್ನು ಹುಡುಕಿ ಹಿಡಿಯುವುದು.

ಹಳ್ಳದ ಪಕ್ಕದ ಸಮತಟ್ಟಿನದು ಅಂತರ್ಜಲವೇ ಮೇಲೇರಿ ನಿಂತ ಜೌಗು; ಸಾಲು ಸಾಲು ಪೈಪು ಬೇಕಾದರೆ ಅಲ್ಲಿಗೆ ಮಾತ್ರ. ನನ್ನ ಸಲಹೆಯೆಂದರೆ, ಈ ವರ್ಷ ಈ ತಡೆ ಪೈಪನ್ನೂ ಹಳ್ಳದ ಪಕ್ಕದ ಮುಖ್ಯ ಪೈಪನ್ನೂ ಮಾತ್ರ ಹಾಕಿ. ಎರಡನ್ನೂ ಕೂಡಿಸುವ ಪೈಪು ರಂಧ್ರವಿಲ್ಲದ್ದಾಗಿರಲಿ. ಮುಖ್ಯ ಪೈಪಿನಲ್ಲಿ ಕವಲುಗಳ, ಅಂದರೆ ಸಮತಟ್ಟಿನೊಳಗಿಂದ ಬಂದು ಅದಕ್ಕೆ ಸೇರುವ ಸಾಲುಗಳ, ಜಾಗಕ್ಕೆ ಕೂಡುತುಂಡುಗಳನ್ನು ಈಗಲೇ ಕೂರಿಸಿ ಮುಚ್ಚಳ ಹಾಕಿಟ್ಟರೆ ಮುಂದಿನ ಬೇಸಿಗೆಯಲ್ಲಿ ಕವಲುಗಳನ್ನು ಸೇರಿಸಬಹುದು. ಮೇಲಿನ ಒರತೆ ನಿಂತ ಮೇಲೆ ಕೆಳಗಿನ ಸಮತಟ್ಟು ಎಷ್ಟು ಸುಧಾರಿಸುತ್ತದೆ ಎಂದು ಒಂದು ಮಳೆಗಾಲ ನೋಡುವುದು ಮೇಲು.

ವಾಟದ, ಅಂದರೆ ಪೈಪಿನ ಇಳಿಜಾರಿನ, ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಾನು ಕಲಿತದ್ದು ಕೆಟ್ಟ ಮೇಲೆ. ನನ್ನ ಮೊದಲ ಸಾಲನ್ನು ಅಗೆಯುವ ಯಂತ್ರದವರು ಕಣ್ಣಳತೆಯಲ್ಲೇ ತೋಡಿದರು. ನೀರು ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ ಎಂದು ಅವರು ಹೇಳಿದರು, ನಾನು ನಂಬಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಾಲಿನ ಮೇಲರ್ಧ ಮತ್ತೆ ಜೌಗಾಯಿತು. ಅಗೆದು ನೋಡಿದರೆ ಆರು ಮೀಟರು ಉದ್ದಕ್ಕೆ ಪೈಪು ತೊಟ್ಟಿಲಿನಂತೆ ನಾಲ್ಕು ಬೆರಳು ಬಾಗಿತ್ತು. ಆ ಬಾಗಿನಲ್ಲಿ ನೀರಿನ ವೇಗ ಸತ್ತು, ಹೂಳು ಕೂತು, ಪೈಪಿನ ಬಹುಭಾಗ ಮುಚ್ಚಿಹೋಗಿತ್ತು. ಅದರಾಚೆಯ ಪೈಪೆಲ್ಲ ಹೊಸದರಂತೆಯೇ ಇತ್ತು. ಬಾಗಿದ್ದು ಆರೇ ಮೀಟರು, ಕೆಟ್ಟದ್ದು ಇಡೀ ಸಾಲು.

100 ಮಿಲಿಮೀಟರಿನ ಪೈಪಿಗೆ ಕನಿಷ್ಠ ವಾಟ ಸಾವಿರಕ್ಕೆ ಒಂದು, ಅಂದರೆ 100 ಮೀಟರಿಗೆ 10 ಸೆಂಟಿಮೀಟರು. ಸಾಧ್ಯವಿದ್ದಲ್ಲಿ ಇದರ ಎರಡು ಪಟ್ಟು ಕೊಡಿ. ಇಷ್ಟು ಸಣ್ಣ ವಾಟ ಕಣ್ಣಿಗೆ ಕಾಣುವುದಿಲ್ಲ. ಲೇಸರ್ ಲೆವೆಲ್ ಇಟ್ಟು, ಎರಡು ಮೂರು ಮೀಟರಿಗೊಮ್ಮೆ ಕಾಲುವೆಯ ತಳಕ್ಕೆ ಅಳತೆಗೋಲು ಹಿಡಿಯಬೇಕು. ಹಾಗೆ ಮಾಡುವುದಾದರೆ ಸಾಮಾನ್ಯ ಅಗೆಯುವ ಯಂತ್ರವೂ ನಡೆಯುತ್ತದೆ, ಆದರೆ ಕಿರಿದಾದ ಬಕೆಟ್ ಹಾಕಿಸಿ. ಕೆಲಸ ಯಾವಾಗಲೂ ಹಳ್ಳದ ಬಾಯಿಯಿಂದ ಮೇಲಕ್ಕೆ ಸಾಗಬೇಕು, ಆಗ ಅಗೆಯುವಾಗ ಬರುವ ನೀರು ತಾನೇ ಹೊರಗೆ ಹರಿದುಹೋಗುತ್ತದೆ. ಎಲ್ಲಾದರೂ ಹೆಚ್ಚು ಆಳಕ್ಕೆ ತೋಡಿಬಿಟ್ಟರೆ ಸಡಿಲ ಮಣ್ಣು ಎಳೆದು ಸಮ ಮಾಡಬೇಡಿ, ಅದು ನೆನೆದಾಗ ಕುಸಿದು ಪೈಪು ಬಾಗುತ್ತದೆ. ಅಲ್ಲಿ ಜಲ್ಲಿ ತುಂಬಿಸಿ ಗಟ್ಟಿ ಮಾಡಿ.

ಬಾಯಿಯ ಕೊನೆಯ ಮೂರು ಮೀಟರಿಗೆ ರಂಧ್ರವಿಲ್ಲದ ಗಟ್ಟಿ ಪೈಪು ಹಾಕಿ, ಇಲಿ ಹೆಗ್ಗಣಗಳು ನುಗ್ಗದಂತೆ ಜಾಲರಿ ಕೂರಿಸಿ, ನೀರು ಬೀಳುವ ಜಾಗದಲ್ಲಿ ದಂಡೆ ಕೊರೆಯದಂತೆ ಕಲ್ಲು ಹಾಸಿ. ಬಾಯಿ ಹಳ್ಳದ ಸಾಮಾನ್ಯ ನೀರಿಗಿಂತ 30 ಸೆಂಟಿಮೀಟರು ಮೇಲಿರಲಿ. ನಿಮ್ಮ ಅಳತೆಯಲ್ಲಿ ಅದು ನೆಲಕ್ಕಿಂತ 95 ಸೆಂಟಿಮೀಟರು ಕೆಳಗೆ ಬರುತ್ತದೆ. ಇನ್ನು ಹೆಚ್ಚು ಆಳಕ್ಕೆ ಆಸೆಪಡುವ ಹಾಗಿಲ್ಲ.

ಅಂದಾಜುಪಟ್ಟಿ

ಆ 95 ಸೆಂಟಿಮೀಟರಿನಿಂದಲೇ ಲೆಕ್ಕ ಬೆಳೆಸೋಣ. ಮುಖ್ಯ ಪೈಪು ಹಳ್ಳದುದ್ದಕ್ಕೆ 150 ಮೀಟರು ಹೋಗುವಾಗ ಸಾವಿರಕ್ಕೆ ಒಂದರಂತೆ 15 ಸೆಂಟಿಮೀಟರು ಮೇಲೇರಿ, ತುದಿಯಲ್ಲಿ 80 ಸೆಂಟಿಮೀಟರು ಆಳದಲ್ಲಿರುತ್ತದೆ. ಕವಲುಗಳು 100 ಮೀಟರಿಗೆ 10 ಸೆಂಟಿಮೀಟರು ಏರಿದರೂ ನೆಲ 20 ಏರುವುದರಿಂದ ಒಳತುದಿಯಲ್ಲಿ ಆಳ ಕಡಿಮೆಯಾಗುವುದಿಲ್ಲ. ಪೈಪಿನ ನೆತ್ತಿಯ ಮೇಲೆ 60 ಸೆಂಟಿಮೀಟರಿಗಿಂತ ಕಡಿಮೆ ಮಣ್ಣು ಎಲ್ಲಿಯೂ ಇರಬಾರದು, ಇಲ್ಲದಿದ್ದರೆ ಟ್ರ್ಯಾಕ್ಟರಿನ ಭಾರಕ್ಕೆ ಪೈಪು ಚಪ್ಪಟೆಯಾದೀತು. ಸರಾಸರಿ 85 ಸೆಂಟಿಮೀಟರು ಆಳವೆಂದು ಹಿಡಿದು, ಸಾಲುಗಳ ನಡುವೆ ನೀರನ್ನು 40 ಸೆಂಟಿಮೀಟರಿಗಿಂತ ಕೆಳಗೆ ಇಡಬೇಕೆಂದರೆ ಅಂತರ 15 ಮೀಟರು ಬರುತ್ತದೆ. ಜೇಡಿ ಅಥವಾ ಬಂಡೆಯ ಪದರ ನಾನು ಊಹಿಸಿದ್ದಕ್ಕಿಂತ ಮೇಲಿದ್ದರೆ ಇದು ಇನ್ನೂ ಕಡಿಮೆಯಾಗುತ್ತದೆ, ಆದ್ದರಿಂದ ಬೈರಿಗೆಯನ್ನು ಎರಡು ಮೀಟರಿನವರೆಗೆ ಇಳಿಸಿ ನೋಡಿ. 15 ಮೀಟರಿಗೊಂದರಂತೆ ಹತ್ತು ಕವಲುಗಳು, ಒಟ್ಟು ಸಾವಿರ ಮೀಟರು. ನಿಮ್ಮ ಮೊದಲ ಯೋಜನೆಯ ಅರ್ಧ.

ಪೈಪಿನ ಗಾತ್ರಕ್ಕೆ ಬರೋಣ. ದಿನಕ್ಕೆ 10 ಮಿಲಿಮೀಟರು ಎಂದರೆ ಒಂದು ಹೆಕ್ಟೇರಿನಿಂದ 100 ಘನಮೀಟರು, ಅಂದರೆ ಸೆಕೆಂಡಿಗೆ 1.16 ಲೀಟರು. ಸಾವಿರಕ್ಕೆ ಒಂದು ವಾಟದಲ್ಲಿ 100 ಮಿಲಿಮೀಟರಿನ ಸುರುಳಿ ಪೈಪು ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 1.3 ಲೀಟರು ಸಾಗಿಸುತ್ತದೆ. ಕವಲಿಗೆ ಅದು ಧಾರಾಳ, ಮುಖ್ಯ ಪೈಪಿಗೆ ಸಾಲದು. ವಾಟವನ್ನು ಎರಡು ಪಟ್ಟು ಮಾಡಿದರೆ ಹರಿವು ಸುಮಾರು 40 ಪ್ರತಿಶತವಷ್ಟೇ ಹೆಚ್ಚುತ್ತದೆ, ವ್ಯಾಸವನ್ನು ಒಂದೂವರೆ ಪಟ್ಟು ಮಾಡಿದರೆ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಮುಖ್ಯ ಪೈಪು 150 ಮಿಲಿಮೀಟರಿನದಿರಲಿ. ಒರತೆಯ ನೀರಿಗೂ ಅದರಲ್ಲಿ ಜಾಗ ಉಳಿಯುತ್ತದೆ.

ಹಳ್ಳದಾಚೆ

ನಾನು ಇಂತಹದೇ ಹಳ್ಳವೊಂದರ ಕೆಳಗಿನ ರೈತ. ಮೇಲಿನವರ ಪೈಪುಗಳ ನೀರು ನಮ್ಮ ಕಡೆಗೇ ಬರುತ್ತದೆ. ಪೈಪು ಹೂಳುವ ಮುನ್ನ ಕೆಳಗಿನವರಿಗೆ ಒಂದು ಮಾತು ತಿಳಿಸಿ, ಸ್ಥಳೀಯ ಅನುಮತಿ ಬೇಕಿದ್ದರೆ ಪಡೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಹೊರಗೆ ಬರುವುದು ಬರೀ ನೀರಲ್ಲ. ಗೊಬ್ಬರದಿಂದ ಬರುವ ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದೆ ನೀರಿನೊಂದಿಗೆ ಸಾಗುತ್ತದೆ, ಪೈಪು ಅದಕ್ಕೆ ಹಳ್ಳದವರೆಗೆ ನೇರ ದಾರಿ ಮಾಡಿಕೊಡುತ್ತದೆ. ಗೊಬ್ಬರವನ್ನು ಒಮ್ಮೆಗೇ ಸುರಿಯದೆ ಬೆಳೆ ಕುಡಿಯುವಷ್ಟನ್ನು ಕಂತುಗಳಲ್ಲಿ ಕೊಟ್ಟರೆ ನಿಮಗೂ ಉಳಿತಾಯ, ನಮ್ಮ ಬಾವಿಗೂ ಒಳ್ಳೆಯದು. ಮುಖ್ಯ ಪೈಪಿನ ಬಾಯಿಯ ಬಳಿ ಹಲಗೆ ಜೋಡಿಸುವ ನಿಯಂತ್ರಣ ಪೆಟ್ಟಿಗೆ ಇಟ್ಟರೆ, ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ನೀರಿನ ಮಟ್ಟವನ್ನು ಎತ್ತರಿಸಿ ಹಿಡಿದು, ಬಿತ್ತನೆಗೆ ಮೊದಲು ಇಳಿಸಬಹುದು. ಕೆಲವರು ಪೈಪಿನ ನೀರನ್ನು ಮರದ ಚಕ್ಕೆ ತುಂಬಿದ ಹೊಂಡದ ಮೂಲಕ ಹಾಯಿಸುತ್ತಾರೆ. ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುತ್ತವೆ.

ಕೆಳಹೊಲ

ಹಳ್ಳದಾಚೆಯವರ ಮಾತು ಮನಸ್ಸಿಗೆ ನಾಟಿತು. ನಮ್ಮ ಕೆಳಗಿನ ಎರಡು ಮನೆಯವರನ್ನು ಕರೆದು ಬಾಯಿ ಬರುವ ಜಾಗ ತೋರಿಸಿ ಒಪ್ಪಿಗೆ ಪಡೆದಿದ್ದೇನೆ. ನಿಯಂತ್ರಣ ಪೆಟ್ಟಿಗೆಗೆ ಜಾಗವನ್ನೂ ಬಿಟ್ಟಿದ್ದೇನೆ. ತಡೆ ಪೈಪಿನ ದಾರಿಯ ಪಕ್ಕದಲ್ಲೇ ನಾಲ್ಕು ದೊಡ್ಡ ಮರಗಳಿವೆ. ಅವುಗಳ ಬೇರಿನ ಗತಿ ಏನು?

ಮಟ್ಟಗೋಲು

ಮರಗಳ ಹತ್ತಿರ ಹಾಯುವಷ್ಟು ಉದ್ದಕ್ಕೂ, ಎರಡೂ ಕಡೆ ಹದಿನೈದು ಇಪ್ಪತ್ತು ಮೀಟರಿನವರೆಗೆ, ರಂಧ್ರವಿಲ್ಲದ ಪೈಪು ಹಾಕಿ, ಕೂಡುವಲ್ಲಿ ಬಿಗಿಯಾಗಿ ಮುಚ್ಚಿ. ಹರಿಯುವ ನೀರು ಸಿಕ್ಕಿದ ಬೇರು ಜಡೆಯಂತೆ ಹೆಣೆದುಕೊಂಡು ಪೈಪನ್ನೇ ತುಂಬಿಬಿಡುತ್ತದೆ. ಮಣ್ಣು ಮುಚ್ಚುವಾಗ ಮೊದಲು ಒಂದು ಗೇಣು ಸಡಿಲವಾದ ಮೇಲ್ಮಣ್ಣನ್ನು ಕೈಯಿಂದ ಎಳೆದು ಪೈಪಿನ ಎರಡೂ ಪಕ್ಕ ಕೂರಿಸಿ, ಆಮೇಲೆ ಯಂತ್ರಕ್ಕೆ ಬಿಡಿ. ಸುಡುವ ಬಿಸಿಲಿನಲ್ಲಿ ಕಾದ ಪೈಪನ್ನು ಜಗ್ಗಿ ಎಳೆಯಬೇಡಿ, ಹಿಗ್ಗಿದ ಪೈಪಿಗೆ ಭಾರ ತಡೆಯುವ ಬಲ ಉಳಿಯುವುದಿಲ್ಲ. ಮುಚ್ಚುವ ಮುನ್ನ ಪ್ರತಿ ಕೂಡುವಿಕೆಯ ಫೋಟೊ ತೆಗೆದು, ಎರಡು ಸ್ಥಿರ ಗುರುತುಗಳಿಂದ ದೂರ ಅಳೆದು ನಕ್ಷೆಯಲ್ಲಿ ಬರೆದಿಡಿ.

ಕೆಳಹೊಲ

ಮಳೆಗಾಲದ ನಡುವೆ ಬರೆಯುತ್ತಿದ್ದೇನೆ. ತಡೆ ಪೈಪು, ಕೂಡಿಸುವ ಪೈಪು, ಮುಖ್ಯ ಪೈಪು ಮೂರೂ ಮುಗಿದವು. ನಡುವಿನ ಜಾಗವನ್ನು ಒಣಗಿದ್ದಾಗಲೇ ಸೀಳಿಸಿದೆ. ಮೊದಲ ದೊಡ್ಡ ಮಳೆಯ ಮರುದಿನ ಬೆಳಗ್ಗೆ ಹಳ್ಳಕ್ಕೆ ಇಳಿದು ಪೈಪಿನ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದೆ, ಒಂಬತ್ತು ಸೆಕೆಂಡಿಗೆ ತುಂಬಿತು. ಮೊದಲು ಕದಡಿದ ಕೆಂಪು ನೀರು ಬಂತು, ಮಧ್ಯಾಹ್ನದ ಹೊತ್ತಿಗೆ ತಿಳಿಯಾಯಿತು. ಮೇಲಿನ ಜೌಗಿನಲ್ಲಿ ನಾಲ್ಕನೆಯ ದಿನ ಚಪ್ಪಲಿ ಹಾಕಿಕೊಂಡೇ ನಡೆದೆ.

ಸಮತಟ್ಟಿನಲ್ಲಿ ಮೂರು ಕಡೆ ರಂಧ್ರದ ಕೊಳವೆ ನಿಲ್ಲಿಸಿ ದಿನವೂ ನೀರಿನ ಮಟ್ಟ ಬರೆದುಕೊಳ್ಳುತ್ತಿದ್ದೇನೆ. ಮಳೆ ನಿಂತ ಮೂರನೆಯ ದಿನ ಮೇಲಂಚಿನ ಕೊಳವೆಯಲ್ಲಿ ನೀರು ನೆಲಕ್ಕಿಂತ 48 ಸೆಂಟಿಮೀಟರು ಕೆಳಗೆ, ನಡುವಿನದರಲ್ಲಿ 24, ಮುಖ್ಯ ಪೈಪಿನ ಪಕ್ಕದಲ್ಲಿ 66. ಮೇಲಂಚು ಒರತೆ ನಿಂತದ್ದರಿಂದಲೇ ಸುಧಾರಿಸಿದೆ ಎಂದು ನನ್ನ ಎಣಿಕೆ. ಕವಲುಗಳು ಬೇಕಾಗಿರುವುದು ನಡುವಿನ ಪಟ್ಟಿಗೆ ಎಂದು ಈಗ ಕಾಣುತ್ತಿದೆ. ಮುಂದಿನ ಬೇಸಿಗೆಗೆ ಎಲ್ಲ ಹತ್ತನ್ನೂ ಪೂರ್ತಿ ಉದ್ದಕ್ಕೆ ಹಾಕಬೇಕೇ, ಅಥವಾ ಮೇಲಂಚಿಗೆ 30 ಮೀಟರು ಮೊದಲೇ ನಿಲ್ಲಿಸಬಹುದೇ ಎಂದು ಕೊಳವೆಗಳ ಲೆಕ್ಕ ಪೂರ್ತಿ ಕೈಗೆ ಬಂದ ಮೇಲೆ ಇಲ್ಲಿಯೇ ಕೇಳುತ್ತೇನೆ.

ಅಂದಾಜುಪಟ್ಟಿ

ಅವಶ್ಯವಾಗಿ ಕೇಳಿ. ಅಲ್ಲಿಯವರೆಗೆ ಮಳೆಯ ಅಳತೆಯನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಮಟ್ಟ ಎಷ್ಟು ಇಳಿಯಿತು ಎಂಬುದನ್ನು ಎಷ್ಟು ಮಳೆಗೆ ಎಂಬುದರ ಪಕ್ಕದಲ್ಲಿಟ್ಟರೆ ಮಾತ್ರ ನಿಮ್ಮ ಪ್ರಶ್ನೆಗೆ ಉತ್ತರ ಹೇಳಲು ಬರುತ್ತದೆ.